ಬೆವರು ಆರಿದರೆ ಮಾತ್ರ ತಂಪು

ಬೇಸಿಗೆಯಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ದಾಟುತ್ತದೆ. ನಮ್ಮ ಮಂಗಳೂರಿನಲ್ಲಿ ಹೆಚ್ಚಾಗಿ 34–35 ಡಿಗ್ರಿ ಅಷ್ಟೆ. ಆದರೂ ಅಂಗಿ ಒದ್ದೆಯಾಗಿ ಬಸವಳಿಯುವವರು ನಾವು. ಯಾಕೆ ಹೀಗೆ? ಜೀವಶಾಸ್ತ್ರದ ಪಾಠದಲ್ಲಿ ನನಗೆ ಇದಕ್ಕೆ ಉತ್ತರ ಸಿಕ್ಕಿತು.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಅದನ್ನು ಕಾಯುವುದು ಮೆದುಳಿನಲ್ಲಿರುವ ಹೈಪೋಥಲಾಮಸ್. ಚಳಿಯಾದಾಗ ಚರ್ಮದ ರಕ್ತನಾಳಗಳು ಕುಗ್ಗಿ ಶಾಖವನ್ನು ಒಳಗೇ ಉಳಿಸುತ್ತವೆ. ಸ್ನಾಯುಗಳು ನಡುಗಿ ಶಾಖ ಉತ್ಪಾದಿಸುತ್ತವೆ. ಸೆಕೆಯಾದಾಗ ಅದೇ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖವನ್ನು ಚರ್ಮಕ್ಕೆ ತರುತ್ತವೆ, ಬೆವರೂ ಬರುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ ದೇಹ ನೆಚ್ಚಿಕೊಳ್ಳುವುದು ಬೆವರನ್ನೇ.

ಆದರೆ ಬೆವರು ಸುರಿದರೆ ಸಾಲದು, ಆವಿಯಾಗಬೇಕು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯರು ಕುದಿಯುವ ನೀರಿಗಿಂತಲೂ ಬಿಸಿಯಾದ, ಒಣಗಾಳಿಯ ಕೋಣೆಯಲ್ಲಿ ಕೆಲವು ನಿಮಿಷ ನಿಂತರು. ಅಲ್ಲಿಟ್ಟ ಮೊಟ್ಟೆ, ಮಾಂಸ ಬೆಂದವು. ಅವರು ಮಾತ್ರ ಕ್ಷೇಮವಾಗಿ ಹೊರಬಂದರು. ಗಾಳಿ ಒಣಗಿದ್ದರಿಂದ ಬೆವರು ಬೇಗ ಆರಿತ್ತು.

ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ.

ರಮಝಾನ್ ಸೆಕೆಗಾಲದಲ್ಲಿ ಬಂದಾಗ ಇದು ನೆನಪಿರಬೇಕು. ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯೋಣ. ಮಧ್ಯಾಹ್ನದ ಬಿಸಿಲಲ್ಲಿ ಕ್ರಿಕೆಟ್ ಬೇಡ. ತಲೆಸುತ್ತು, ವಾಂತಿ, ವಿಪರೀತ ಸುಸ್ತು ಕಂಡರೆ ಹಟ ಹಿಡಿಯಬಾರದು. ಕಾಯಿಲೆಯವರು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸಲು ಕುರ್‌ಆನ್ ಅನುಮತಿ ಕೊಟ್ಟಿದೆ.

ಯಾರಾದರೂ ಬಿಸಿಲಿನಲ್ಲಿ ತಡಬಡಾಯಿಸಿ ಮಾತಾಡಿದರೆ, ಗೊಂದಲಗೊಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಆಗ ದೇಹದ ಉಷ್ಣತೆ 40 ಡಿಗ್ರಿ ಮೀರಿರುತ್ತದೆ. ಮೈ ಬೆವರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ. 108ಕ್ಕೆ ಕರೆ ಮಾಡಿ, ನೆರಳಿಗೆ ತಂದು, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬೇಡಿ.