ಆಡಿನ ಹಟ್ಟಿಯಲ್ಲಿ ಜಾಲಿ ತಾನಾಗಿಯೇ ಏಕೆ ಹುಟ್ಟುತ್ತದೆ?



ಆಲಮೇಲ ಭಾಗದ ಸ್ವಸಹಾಯ ಸಂಘದ ಸಭೆಯೊಂದರಲ್ಲಿ ಆಡು ಸಾಕುವ ತಾಯಿಯೊಬ್ಬರು ಕೇಳಿದರು: "ಸಿಸ್ಟರ್, ಒಡ್ಡಿನ ಮ್ಯಾಲ ಕರಿಜಾಲಿ ಬೀಜ ಊರಿದ್ರ ಹುಟ್ಟಲಿಲ್ಲ. ಹಟ್ಟ್ಯಾಗ ಮಾತ್ರ ತಾವ ಹುಟ್ಟತಾವ. ಯಾಕ್ರಿ?"

ಒಳ್ಳೆಯ ಪ್ರಶ್ನೆ. ಕರಿಜಾಲಿ ಬೀಜದ ಸಿಪ್ಪೆ ಬಹಳ ಗಟ್ಟಿ. ನೀರು ಒಳಗೆ ಇಳಿಯದೆ ಮೊಳಕೆ ಬಾರದು. ಆಡು ಕಾಯಿ ತಿಂದಾಗ ಕೆಲವು ಬೀಜ ಹಲ್ಲಿಗೆ ಸಿಕ್ಕಿ ಹಾಳಾಗುತ್ತವೆ. ಉಳಿದವುಗಳ ಸಿಪ್ಪೆ ಹೊಟ್ಟೆಯ ರಸದಲ್ಲಿ ಮೆತ್ತಗಾಗುತ್ತದೆ. ಅವು ಮೆಲುಕು ಹಾಕುವಾಗ ಬಾಯಿಂದ, ಇಲ್ಲವೇ ಹಿಕ್ಕೆಯ ಜೊತೆ ಹೊರಬೀಳುತ್ತವೆ. ತಾಯಿಮರದ ನೆರಳಿನಿಂದ ದೂರ ಬೀಳುವುದರಿಂದ ಬಿಸಿಲೂ ಸಿಗುತ್ತದೆ.

ಕಾಡಿನಲ್ಲಿ ಈ ಕೆಲಸ ದೊಡ್ಡ ಪ್ರಾಣಿಗಳದ್ದು. ಬಂಡೀಪುರ, ನಾಗರಹೊಳೆಯ ಆನೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ತಿನ್ನುತ್ತದೆ. ಅದರಲ್ಲಿ ಅರ್ಧವೂ ಜೀರ್ಣವಾಗುವುದಿಲ್ಲ. ಬೆಳವಲದಂಥ ದೊಡ್ಡ ಹಣ್ಣನ್ನು ಅದು ಇಡಿಯಾಗಿ ನುಂಗಿ, ಮೈಲಿಗಟ್ಟಲೆ ನಡೆದು, ಬೀಜವನ್ನು ಲದ್ದಿಯಲ್ಲಿ ಬಿಡುತ್ತದೆ. ಜಿಂಕೆ ನೆಲ್ಲಿಕಾಯಿ ತಿಂದು, ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಇಂಥ ಪ್ರಾಣಿಗಳು ಇಲ್ಲವಾದರೆ ಬೀಜ ಮರದ ಬುಡದಲ್ಲೇ ಉಳಿಯುತ್ತದೆ.

ನಮ್ಮ ಬಯಲುಸೀಮೆಯ ಚಿಗರಿಯೂ ಹೀಗೆಯೇ. ಆದರೆ ಪ್ರಾಣಿಗೆ ಒಳ್ಳೆ ಗಿಡ, ಕೆಟ್ಟ ಗಿಡ ಎಂಬ ಭೇದವಿಲ್ಲ. ಗುಜರಾತಿನ ವೆಳಾವದರ್ ಹುಲ್ಲುಗಾವಲಿನ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ಗಂಡು ಚಿಗರಿಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ. ಅಲ್ಲಿ ಬಳ್ಳಾರಿ ಜಾಲಿ ಹುಟ್ಟಿ ಹುಲ್ಲುಗಾವಲಿಗೆ ನುಗ್ಗುತ್ತದೆ. ಈ ಗಿಡ 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ನಮ್ಮ ಆಡು, ಕುರಿ, ದನಗಳೂ ಇದನ್ನು ಹೊಲಕ್ಕೆ ತರುತ್ತವೆ. ಒಮ್ಮೆ ಬೇರು ಬಿಟ್ಟರೆ ಕಡಿದಷ್ಟೂ ಚಿಗುರುತ್ತದೆ.

ಹಾಗಾದರೆ ನಾವೇನು ಮಾಡಬಹುದು?

1. ಬೇಸಿಗೆಯಲ್ಲಿ ಆಡುಗಳಿಗೆ ಕರಿಜಾಲಿ ಕಾಯಿಯನ್ನೇ ಆರಿಸಿ ಹಾಕಿರಿ. ಅದು ಮಣಿಸರದಂತೆ ಗಂಟುಗಂಟಾಗಿ ಇರುತ್ತದೆ. ಬಳ್ಳಾರಿ ಜಾಲಿ ಕಾಯಿ ಹಳದಿ, ಅಷ್ಟು ಗಂಟು ಇರುವುದಿಲ್ಲ.

2. ಮರುದಿನದಿಂದ ಹಟ್ಟಿ ಗುಡಿಸುವಾಗ ಬೀಜ ಆರಿಸಿ, ತೊಳೆದು, ಒಣಗಿಸಿ ಇಡಿರಿ.

3. ಮಿರಗದ ಮಳೆಗೆ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿರಿ. ಉಬ್ಬಿದ ಬೀಜಗಳನ್ನು ಒಡ್ಡಿನ ಮೇಲೆ ಊರಿರಿ.

4. ಬೀಜ ಕೊಟ್ಟ ಆಡೇ ಸಸಿಯನ್ನೂ ಮೇಯುತ್ತದೆ! ಮೊದಲ ಎರಡು-ಮೂರು ವರ್ಷ ಮುಳ್ಳಿನ ಬೇಲಿ ಹಾಕಲೇಬೇಕು.

5. ಬಳ್ಳಾರಿ ಜಾಲಿ ಸಸಿ ಕಂಡರೆ ಎಳೆಯದಿದ್ದಾಗಲೇ ಬೇರು ಸಹಿತ ಕೀಳಿರಿ.

ಕರಿಜಾಲಿ ಬೆಳೆದರೆ ಕುಂಟೆ-ನೇಗಿಲಿಗೆ ಕಟ್ಟಿಗೆ, ಆಡಿಗೆ ಕಾಯಿ, ಒಡ್ಡಿಗೆ ಭದ್ರತೆ ಸಿಗುತ್ತದೆ. ಈ ಬೇಸಿಗೆಯಲ್ಲಿ ಹಟ್ಟಿಯ ಕಸ ತಿಪ್ಪೆಗೆ ಹಾಕುವ ಮೊದಲು ಒಮ್ಮೆ ಬೀಜ ನೋಡಿರಿ.