ದುಡಿಸುವವರ ಧರ್ಮ

ಮೇ ತಿಂಗಳ ಮೊದಲನೆಯ ದಿನ ಧರ್ಮಸಭೆಯು ಸಂತ ಜೋಸೆಫರನ್ನು ಕಾರ್ಮಿಕರ ಪಾಲಕರೆಂದು ಸ್ಮರಿಸುತ್ತದೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು ಈ ಹಬ್ಬವನ್ನು 1955ರಲ್ಲಿ ಸ್ಥಾಪಿಸಿದರು. ಅಂದಿನ ಬಲಿಪೂಜೆಯಲ್ಲಿ ನಾವು ದುಡಿಯುವವರಿಗೆ ಶ್ರದ್ಧೆಯನ್ನೂ ತಾಳ್ಮೆಯನ್ನೂ ಬೋಧಿಸುತ್ತೇವೆ. ಆದರೆ ದೇವಾಲಯದಲ್ಲಿ ದುಡಿಸುವವರೂ ಕುಳಿತಿರುತ್ತಾರೆ. ಅವರಿಗೆ ಹೇಳಬೇಕಾದ ಮಾತು ಬಹುತೇಕ ಹಾಗೆಯೇ ಉಳಿದುಬಿಡುತ್ತದೆ. ಈ ವಾರ ಅದನ್ನು ಹೇಳಲು ಬಯಸುತ್ತೇವೆ.

ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಯಲ್ಲಿ ದುಡಿಸುವವರೆಂದರೆ ಮಹಾ ಉದ್ಯಮಪತಿಗಳಲ್ಲ. ನಾಲ್ಕಾರು ಮಗ್ಗಗಳ ಒಡೆಯರು, ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವವರು, ಕಲ್ಲು ಕ್ವಾರಿಯ ಗುತ್ತಿಗೆದಾರರು, ಜವಳಿ ಅಂಗಡಿಯವರು, ಹೊಲಕ್ಕೆ ಆಳು ಕರೆಯುವವರು. ಇವರೆಲ್ಲರ ಬಾಯಲ್ಲೂ ಒಂದೇ ದೂರು: ಆಳುಗಳಿಗೆ ಕೆಲಸದಲ್ಲಿ ಮನಸ್ಸಿಲ್ಲ.

ಹಲವು ವರ್ಷಗಳ ಹಿಂದೆ ಇಂತಹುದೇ ದೂರಿನೊಡನೆ ನೂಲು ಬಿಚ್ಚಾಣಿಕೆಯ ಮಾಲೀಕರೊಬ್ಬರು ನಮ್ಮಲ್ಲಿಗೆ ಬಂದರು. ನೂಲು ಪದೇ ಪದೇ ಕಡಿಯುತ್ತಿದೆ, ಬೆಲೆ ಬರುತ್ತಿಲ್ಲ, ತಾವು ಬಂದು ಕೆಲಸಗಾರರಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು ಎಂದರು. ನಾವು ಹೋದೆವು. ನಜರೇತಿನ ಬಡಗಿಯ ಕುರಿತು ಅರ್ಧ ಗಂಟೆ ಮಾತನಾಡಿದೆವು. ಚೆನ್ನಾಗಿಯೇ ಮಾತನಾಡಿದೆವೆಂಬ ತೃಪ್ತಿಯಿಂದ ಹೊರಡುವಾಗ ವಯಸ್ಸಾದ ಹೆಂಗಸೊಬ್ಬರು ತೊಟ್ಟಿಯಿಂದ ಕೈ ತೆಗೆಯದೆಯೇ ಕೇಳಿದರು: "ಸ್ವಾಮ್ಯಾರೆ, ಆ ಜೋಸೆಫಪ್ಪನೋರು ಎಷ್ಟು ಮುಂಗಡ ಈಸ್ಕಂಡಿದ್ರು?"

ಸುತ್ತಲಿದ್ದವರು ನಕ್ಕರು. ನಮಗೆ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆಯ ಹಿಂದೆ ಒಂದು ಬದುಕೇ ಇತ್ತು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಪಡೆದ ಮುಂಗಡ ತೀರುವವರೆಗೆ ಬೇರೆಡೆಗೆ ಹೋಗುವಂತಿಲ್ಲ. ಮುಂಗಡವಾದರೋ ತೀರುವಂತೆಯೇ ಇಲ್ಲ. ದಿನವಿಡೀ ಬೆಂದ ಹುಳುಗಳ ವಾಸನೆ, ಬಿಸಿನೀರಿನಲ್ಲಿ ನೆನೆದು ಬೆಳ್ಳಗಾಗಿ ಬಿರಿದ ಬೆರಳುಗಳು. ಕಟ್ಟಿಹಾಕಿದ ಕೈಗಳಿಗೆ ನಾವು ಸ್ಫೂರ್ತಿಯ ಉಪದೇಶ ನೀಡಿ ಬಂದಿದ್ದೆವು.

ಸಾಲಕ್ಕೆ ಪ್ರತಿಯಾಗಿ ಮನುಷ್ಯನ ದುಡಿಮೆಯನ್ನು ಹೀಗೆ ಒತ್ತೆಯಿಟ್ಟುಕೊಳ್ಳುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ. ಅದಕ್ಕೂ ಬಹಳ ಮೊದಲೇ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಈ ವಿಷಯವನ್ನು ಎತ್ತಿದ್ದರು. ಬಡತನದ ಒತ್ತಡಕ್ಕೆ ಸಿಲುಕಿ ಕೆಲಸಗಾರನು ಕಠಿಣ ಷರತ್ತಿಗೆ ತಲೆಬಾಗಿದ ಮಾತ್ರಕ್ಕೆ ಅದು ನ್ಯಾಯವೆನಿಸುವುದಿಲ್ಲ ಎಂಬುದು ಅವರ ಬೋಧನೆಯ ಸಾರ. "ಅವನೇ ಒಪ್ಪಿದ್ದಾನಲ್ಲ" ಎಂಬ ನಮ್ಮ ಸಮಾಧಾನಕ್ಕೆ ಅಲ್ಲಿ ಸ್ಥಾನವಿಲ್ಲ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಗುಲಾಮನನ್ನು ಜೀವವುಳ್ಳ ಉಪಕರಣವೆಂದು ಕರೆದನು. ಲಾಳಿಗಳು ತಾವಾಗಿಯೇ ನೇಯುವಂತಿದ್ದರೆ ಒಡೆಯರಿಗೆ ಗುಲಾಮರೇ ಬೇಕಾಗುತ್ತಿರಲಿಲ್ಲ ಎಂದೂ ಬರೆದನು. ಇಂದು ವಿದ್ಯುತ್ ಮಗ್ಗಗಳಲ್ಲಿ ಲಾಳಿ ತಾನಾಗಿಯೇ ಓಡುತ್ತದೆ. ಆದರೂ ಮನುಷ್ಯನನ್ನು ಉಪಕರಣವಾಗಿ ಕಾಣುವ ದೃಷ್ಟಿ ನಮ್ಮಲ್ಲಿ ಅಳಿದಿಲ್ಲ. ಆ ದೃಷ್ಟಿಯಿಂದ ಒಡೆಯನಿಗೂ ನಷ್ಟವೇ. ರೇಷ್ಮೆಯ ಒಂದು ನೂಲು ಹಲವು ಗೂಡುಗಳ ಎಳೆಗಳು ಸೇರಿ ಆದದ್ದು. ಒಂದು ಗೂಡಿನ ಎಳೆ ಮುಗಿದೊಡನೆ ಮತ್ತೊಂದರ ತುದಿಯನ್ನು ಹುಡುಕಿ ಸೇರಿಸಬೇಕು. ಸೇರಿಸದಿದ್ದರೆ ನೂಲು ತೆಳುವಾಗುತ್ತದೆ. ಆ ಕ್ಷಣವನ್ನು ಕಾಣುವುದು ಕೆಲಸಗಾರಳ ಕಣ್ಣು ಮಾತ್ರ, ಮೇಸ್ತ್ರಿಯ ಕಣ್ಣಲ್ಲ. ಕೂಲಿ ಕೊಟ್ಟು ಹೊತ್ತನ್ನು ಕೊಳ್ಳಬಹುದು, ಗದರಿಸಿ ಕೈಗಳನ್ನು ಆಡಿಸಬಹುದು. ಮನಸ್ಸಿಟ್ಟು ಮಾಡುವ ಕೆಲಸವನ್ನು ಮಾತ್ರ ದುಡಿಯುವವರು ತಾವಾಗಿಯೇ ಕೊಡಬೇಕು. ತಮ್ಮನ್ನು ಮನುಷ್ಯರೆಂದು ಕಂಡವರಿಗೆ ಅವರು ಅದನ್ನು ಕೊಡುತ್ತಾರೆ.

ಪವಿತ್ರ ಗ್ರಂಥದಲ್ಲಿ ಒಳ್ಳೆಯ ಒಡೆಯನ ಚಿತ್ರವನ್ನು ಕಾಣಬಯಸುವವರು ರೂತಳ ಗ್ರಂಥದ ಎರಡನೆಯ ಅಧ್ಯಾಯವನ್ನು ಓದಬೇಕು. ಬೋವಜನು ಸ್ವತಃ ಹೊಲಕ್ಕೆ ಬರುತ್ತಾನೆ. ಮೊದಲು ಲೆಕ್ಕ ಕೇಳುವುದಿಲ್ಲ. ಕೊಯ್ಯುವವರಿಗೆ ದೇವರ ಹೆಸರಿನಲ್ಲಿ ಶುಭ ಕೋರುತ್ತಾನೆ, ಅವರೂ ಹಾಗೆಯೇ ಹರಸುತ್ತಾರೆ. ತೆನೆ ಆಯಲು ಬಂದ ಪರದೇಶಿ ಹೆಣ್ಣುಮಗಳು ಯಾರೆಂದು ವಿಚಾರಿಸುತ್ತಾನೆ. ಆಕೆಗೆ ತೊಂದರೆ ಕೊಡಬಾರದೆಂದು ಆಳುಗಳಿಗೆ ಆಜ್ಞಾಪಿಸುತ್ತಾನೆ. ಬಾಯಾರಿದಾಗ ಎಲ್ಲಿ ನೀರು ಕುಡಿಯಬೇಕೆಂದು ಹೇಳುತ್ತಾನೆ, ಊಟದ ಹೊತ್ತಿನಲ್ಲಿ ಬಳಿಗೆ ಕರೆದು ಹುರಿದ ಧಾನ್ಯ ನೀಡುತ್ತಾನೆ. ಇಲ್ಲಿ ಭಾಷಣವಿಲ್ಲ. ಇರುವುದು ಕಾಣುವ ಕಣ್ಣು ಮತ್ತು ನೀಡುವ ಕೈ.

ನಮ್ಮ ನೆರೆಯಲ್ಲೇ ಮತ್ತೊಂದು ನಿದರ್ಶನವಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್‌ರವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅವರು ಸೋಲಿಗರ ನಡುವೆಯೇ ನೆಲೆಸಿದರು. ಸೋಲಿಗ ಹೆಣ್ಣುಮಕ್ಕಳೇ ತರಬೇತಿ ಪಡೆದು ತಮ್ಮ ಜನರ ಆರೋಗ್ಯ ಕಾಯುವ ಕಾರ್ಯಕರ್ತೆಯರಾದರು. ತನ್ನ ಕೈಕೆಳಗಿನವರು ತನ್ನ ಸಮಕ್ಕೆ ಬೆಳೆಯಲೆಂದು ಬಯಸುವವನೇ ನಿಜವಾದ ನಾಯಕ. ಈ ಸೇವೆಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಆ ಮಾಲೀಕರ ಕಥೆ ಏನಾಯಿತು? ವಾರದ ನಂತರ ಅವರು ಒಂದು ಬೆಳಿಗ್ಗೆ ತಾವೇ ತೊಟ್ಟಿಯ ಮುಂದೆ ಕುಳಿತರು. ಮಧ್ಯಾಹ್ನಕ್ಕೆ ಎದ್ದರು, ಆ ದಿನ ಮತ್ತೆ ಕೂರಲಿಲ್ಲ. ಬಳಿಕ ತೊಟ್ಟಿಯ ಕೆಲಸಕ್ಕೆ ಸರದಿ ಏರ್ಪಡಿಸಿದರು. ಸಂತೆಯ ಹಿಂದಿನ ದಿನವೇ ಕೂಲಿ ಕೊಡತೊಡಗಿದರು. ಮುಂಗಡದ ಚೀಟಿಗಳನ್ನು ಎಲ್ಲರೆದುರು ಹರಿದು, ಹೋಗಬಯಸುವವರು ಹೋಗಬಹುದೆಂದರು. ಇಬ್ಬರು ಹೋದರು. ಹಣ ನಷ್ಟವಾಯಿತು, ಮನೆಯಲ್ಲಿ ಮಾತೂ ಬಂತು. ಆದರೆ ಉಳಿದವರು ಅಂದಿನಿಂದ ತಾವಾಗಿ ಬರುವವರಾದರು. ಪ್ರಶ್ನೆ ಕೇಳಿದ ಆ ತಾಯಿಯೂ ಅವರಲ್ಲೊಬ್ಬರು.

ನಮ್ಮ ಪಾಲಿನದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಂದು ಗುರುನಿವಾಸಕ್ಕೆ ಹಿಂದಿರುಗಿ ಊಟಕ್ಕೆ ಕುಳಿತಾಗ, ಬಡಿಸುತ್ತಿದ್ದ ಅಡುಗೆಯಾಕೆಗೆ ಎರಡು ವರ್ಷಗಳಿಂದ ವಾರದ ರಜೆಯೇ ಇರಲಿಲ್ಲವೆಂಬುದು ನೆನಪಾಯಿತು. ಆಕೆ ಕೇಳಿರಲಿಲ್ಲ, ನಾವು ವಿಚಾರಿಸಿರಲಿಲ್ಲ. ಭಾನುವಾರದ ವಿಶ್ರಾಂತಿಯ ಬಗ್ಗೆ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಪ್ರಸಂಗ ಮಾಡಿದ್ದೆವು. ಮರುವಾರದಿಂದ ಒಂದು ದಿನ ಒಲೆ ಹಚ್ಚುವ ಕೆಲಸ ನಮ್ಮದಾಯಿತು.

ಪ್ರಿಯ ಸಹೋದರ ಸಹೋದರಿಯರೇ, ನಮ್ಮಲ್ಲಿ ಬಹುತೇಕರು ಒಬ್ಬರಿಗಾದರೂ ಒಡೆಯರೇ. ಈ ಹಬ್ಬದ ದಿನ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ನಮ್ಮಲ್ಲಿ ದುಡಿಯುವವರ ಮಕ್ಕಳ ಹೆಸರು ನಮಗೆ ಗೊತ್ತೇ? ಕೂಲಿಯನ್ನು ಹೇಳಿದ ದಿನವೇ ಕೊಡುತ್ತೇವೆಯೇ? ಅವರು ಕುಡಿಯುವ ನೀರು, ಕೂರುವ ನೆರಳು ಹೇಗಿವೆಯೆಂದು ನೋಡಿದ್ದೇವೆಯೇ? ಅವರು ನಮ್ಮಲ್ಲಿ ಉಳಿದಿರುವುದು ಸಾಲದಿಂದಲೋ, ಸ್ವಂತ ಇಚ್ಛೆಯಿಂದಲೋ?

ಇವಕ್ಕೆ ನೆಮ್ಮದಿಯಿಂದ ಉತ್ತರಿಸಬಲ್ಲ ಒಡೆಯನು ಸ್ಫೂರ್ತಿಯ ಮಾತಿಗಾಗಿ ಗುರುಗಳನ್ನು ಕರೆಸಬೇಕಾಗಿಲ್ಲ. ತನ್ನ ಕೈಯಿಂದಲೇ ದುಡಿದು ಉಂಡ ಪ್ರಭು ಯೇಸುವು, ದುಡಿಯುವ ಹಾಗೂ ದುಡಿಸುವ ಎಲ್ಲರ ಮನೆಗಳನ್ನೂ ಹರಸಲಿ.