ಪ್ಯಾರಿಸ್ಸಿನ ತೀರ್ಪು, ಕ್ಯಾಲಿಫೋರ್ನಿಯಾದ ಸರ್ವರ್

ನಾಜಿ ಪಡೆಗಳ ಪದಕ, ಧ್ವಜ, ಸಮವಸ್ತ್ರಗಳು 2000ದಲ್ಲಿ ಯಾಹೂ ಕಂಪನಿಯ ಹರಾಜು ತಾಣದಲ್ಲಿ ರಾಜಾರೋಷವಾಗಿ ಬಿಕರಿಗಿದ್ದವು. ಅಮೆರಿಕದಲ್ಲಿ ಅದು ಅಪರಾಧವಲ್ಲ. ಫ್ರಾನ್ಸಿನಲ್ಲಿ ಅಂಥ ಲಾಂಛನಗಳನ್ನು ಸಾರ್ವಜನಿಕವಾಗಿ ತೋರಿಸುವುದೇ ಅಪರಾಧ. ಎರಡನೇ ಮಹಾಯುದ್ಧದಲ್ಲಿ ಆ ನೆಲದಿಂದ ಸುಮಾರು 76 ಸಾವಿರ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಗಿತ್ತು. ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ.

ಜನಾಂಗದ್ವೇಷದ ವಿರುದ್ಧ ಹೋರಾಡುವ ‘ಲಿಕ್ರಾ’ ಸಂಘಟನೆ ಮತ್ತು ಯೆಹೂದಿ ವಿದ್ಯಾರ್ಥಿಗಳ ಒಕ್ಕೂಟ ಪ್ಯಾರಿಸ್ ನ್ಯಾಯಾಲಯದ ಮೆಟ್ಟಿಲೇರಿದವು. ನಮ್ಮ ಸರ್ವರ್‌ಗಳಿರುವುದು ಕ್ಯಾಲಿಫೋರ್ನಿಯಾದಲ್ಲಿ ಎಂದಿತು ಯಾಹೂ. ಜೊತೆಗೆ, ನೋಡುವವರು ಯಾವ ದೇಶದವರೆಂದು ತಿಳಿಯುವ ದಾರಿಯೇ ಇಲ್ಲ ಎಂದೂ ವಾದಿಸಿತು.

ಇದು ಕಾನೂನಿನ ಪುಸ್ತಕದಲ್ಲಿ ಉತ್ತರ ಸಿಗುವ ಪ್ರಶ್ನೆಯಲ್ಲ. ನ್ಯಾಯಾಧೀಶ ಜಾನ್-ಜಾಕ್ ಗೋಮೆಜ್ ಮೂವರು ತಜ್ಞರ ಸಮಿತಿ ರಚಿಸಿದರು. ಅಂತರ್ಜಾಲದ ಮೂಲ ನಿಯಮಗಳನ್ನು ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅದರಲ್ಲಿದ್ದರು.

ಅಂತರ್ಜಾಲಕ್ಕೆ ಸೇರುವ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಬೇಕು. ಈ ವಿಳಾಸಗಳನ್ನು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಗುಂಪು ಗುಂಪಾಗಿ ಇಂಟರ್ನೆಟ್ ಕಂಪನಿಗಳಿಗೆ ಹಂಚುತ್ತವೆ. ಯುರೋಪಿಗೆ ರೈಪ್, ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಏಪ್‌ನಿಕ್. ಯಾವ ಗುಂಪು ಯಾರಿಗೆ ಹೋಯಿತೆಂಬ ದಾಖಲೆ ಗುಟ್ಟಿನದಲ್ಲ. ಅದನ್ನು ತಾಳೆ ನೋಡಿದರೆ ಬಂದವರ ದೇಶ ಗೊತ್ತಾಗುತ್ತದೆ. ಫ್ರಾನ್ಸಿನ ಬಳಕೆದಾರರಲ್ಲಿ ಸುಮಾರು 70% ಮಂದಿಯನ್ನು ಹೀಗೆ ಗುರುತಿಸಬಹುದು ಎಂದರು ತಜ್ಞರು. ಎಲ್ಲರನ್ನೂ ಅಲ್ಲ: ಪ್ಯಾರಿಸ್ಸಿನಲ್ಲೇ ಕೂತು ಎಓಎಲ್ ಮೂಲಕ ಬಂದವರು ಅಮೆರಿಕದ ವರ್ಜೀನಿಯಾದವರಂತೆ ಕಾಣುತ್ತಿದ್ದರು. ಆದರೆ ಫ್ರಾನ್ಸಿನವರಿಗೆ ಯಾಹೂ ಫ್ರೆಂಚ್ ಜಾಹೀರಾತುಗಳನ್ನೇ ತೋರಿಸುತ್ತಿತ್ತು! ಮಾರುವಾಗ ಗುರುತು ಸಿಗುವ ಗಿರಾಕಿ, ತಡೆಯಬೇಕಾದಾಗ ಮಾತ್ರ ಅಪರಿಚಿತನಾಗುವುದು ಹೇಗೆ?

2000ದ ನವೆಂಬರ್ 20ರಂದು ತೀರ್ಪು ಬಂತು. ಮೂರು ತಿಂಗಳಲ್ಲಿ ತಡೆ ಹಾಕಬೇಕು, ತಪ್ಪಿದರೆ ದಿನಕ್ಕೆ ಒಂದು ಲಕ್ಷ ಫ್ರಾಂಕ್ ದಂಡ.

ಯಾಹೂ 2001ರ ಜನವರಿಯಲ್ಲಿ ಆ ಸರಕುಗಳನ್ನು ಹರಾಜಿನಿಂದ ಹೊರಗಿಟ್ಟಿತು. ಹಾಗಿದ್ದೂ, ಫ್ರೆಂಚ್ ಆದೇಶ ಅಮೆರಿಕದಲ್ಲಿ ಜಾರಿಯಾಗದು ಎಂಬ ತೀರ್ಪನ್ನು ತನ್ನ ನಾಡಿನ ಕೋರ್ಟಿನಿಂದ ಪಡೆಯಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಯಾಹೂವಿನ ದಾವೆಯನ್ನೇ ವಜಾ ಮಾಡಿತು. ದಂಡದ ಹಣ ಮಾತ್ರ ಯಾರೂ ವಸೂಲಿ ಮಾಡಲಿಲ್ಲ.

ದಂಡ ವಿಧಿಸುವುದು ಸುಲಭ, ವಸೂಲಿಗೆ ಹಿಡಿತ ಬೇಕು. ಬ್ರೆಜಿಲ್‌ನಲ್ಲಿ ಕೋರ್ಟಿನ ಆದೇಶಗಳನ್ನು ಪಾಲಿಸಲು ಒಪ್ಪದ ಎಕ್ಸ್ ಕಂಪನಿ 2024ರ ಆಗಸ್ಟಿನಲ್ಲಿ ತನ್ನ ಕಚೇರಿಗೇ ಬೀಗ ಹಾಕಿತು. ಅಲ್ಲಿನ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಾಣವನ್ನು ತಡೆಯಿತು, ಎಲಾನ್ ಮಸ್ಕ್ ಅವರದೇ ಇನ್ನೊಂದು ಉದ್ಯಮವಾದ ಸ್ಟಾರ್‌ಲಿಂಕ್‌ನ ಬ್ಯಾಂಕ್ ಖಾತೆಗಳಿಗೂ ಕೈ ಹಾಕಿತು. ಅಕ್ಟೋಬರ್ ಹೊತ್ತಿಗೆ ಎಕ್ಸ್ 2.86 ಕೋಟಿ ರಿಯಾಲ್ ದಂಡ ಕಟ್ಟಿ ಮರಳಿತು. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ ಅಂಥ ಹಿಡಿತವಿರಲಿಲ್ಲ. ಅದು 2025ರಲ್ಲಿ ಅಮೆರಿಕದ 4ಚಾನ್ ತಾಣಕ್ಕೆ 20 ಸಾವಿರ ಪೌಂಡ್ ದಂಡ ಹಾಕಿತು. ಬ್ರಿಟನ್ನಿನಲ್ಲಿ ಕಚೇರಿಯಿಲ್ಲದ 4ಚಾನ್ ಕಟ್ಟಲು ಒಪ್ಪಲಿಲ್ಲ.

ತನ್ನ ಗಡಿಯೊಳಗೆ ಏನು ಕಾಣಬೇಕೆಂದು ಹೇಳುವ ಅಧಿಕಾರ ಒಂದು ದೇಶಕ್ಕಿದೆ, ಆ ಅಧಿಕಾರವೂ ಕೋರ್ಟಿನ ಪರಿಶೀಲನೆಗೆ ಒಳಪಟ್ಟಿರಬೇಕು. ಆದರೆ ‘ಲೋಕದಲ್ಲೆಲ್ಲ ಅಳಿಸಿ’ ಎನ್ನುವುದು ಬೇರೆಯದೇ ಬೇಡಿಕೆ. ಎಲ್ಲ ದೇಶಗಳೂ ಹಾಗೆ ಹೇಳಹೊರಟರೆ, ಅತ್ಯಂತ ಬಿಗಿಯಾದ ಸರ್ಕಾರದ ಕಾನೂನೇ ಎಲ್ಲರ ಪಾಲಿಗೂ ಕಾನೂನಾಗುತ್ತದೆ. ಗೂಗಲ್ ತನ್ನ ಕೆಲವು ಹುಡುಕು ಫಲಿತಾಂಶಗಳನ್ನು ಜಗತ್ತಿನಾದ್ಯಂತ ತೆಗೆಯಬೇಕೆಂದು ಫ್ರಾನ್ಸಿನ ಖಾಸಗಿತನ ಪ್ರಾಧಿಕಾರ ಕೇಳಿದಾಗ, ಯುರೋಪಿಯನ್ ಕಾನೂನು ಅಷ್ಟನ್ನು ಕಡ್ಡಾಯ ಮಾಡಿಲ್ಲ ಎಂದು 2019ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತಿಳಿಸಿತು. ಮುಂದಿನ ತಿಂಗಳೇ, ಬಾಬಾ ರಾಮದೇವ್ ಫೇಸ್‌ಬುಕ್ ಮತ್ತಿತರರ ವಿರುದ್ಧ ಹೂಡಿದ್ದ ಮಾನಹಾನಿ ದಾವೆಯಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಮುಂದೆ ಹೋಯಿತು: ಹೊರದೇಶದಿಂದ ಏರಿಸಿದ್ದು ಭಾರತದಲ್ಲಿ ಕಾಣದಿದ್ದರೆ ಸಾಕು, ಭಾರತದಿಂದ ಏರಿಸಿದ್ದನ್ನು ಜಗತ್ತಿನಾದ್ಯಂತ ತೆಗೆಯಬೇಕು. ಈ ಆದೇಶದ ಮೊದಲರ್ಧಕ್ಕೆ ತಕರಾರಿಲ್ಲ. ಇನ್ನರ್ಧವನ್ನು ಪ್ರಶ್ನಿಸಿ ಫೇಸ್‌ಬುಕ್ ಮೇಲ್ಮನವಿ ಸಲ್ಲಿಸಿತು.